ಕುದುರೆಯ ತಲೆಯೂ ನಮ್ಮ ಕೈಯೂ

‘ತಪ್ಪಿನಿಂದ ಪಾಠ ಕಲಿಯಬೇಕು’ ಎಂಬ ಮಾತನ್ನು ನಾವೆಲ್ಲ ಎಷ್ಟು ಸಲ ಕೇಳಿದ್ದೇವೆಂಬುದಕ್ಕೆ ಲೆಕ್ಕವಿಲ್ಲ. ಪ್ರಾಥಮಿಕ ಶಾಲೆಯ ಗೋಡೆಯ ಮೇಲೆ ಅದನ್ನು ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಅದೇ ಗೋಡೆಯ ಕೆಳಗೆ ಕುಳಿತು ತಪ್ಪುಲೆಕ್ಕ ಮಾಡಿದವನಿಗೆ ಬೆತ್ತದ ರುಚಿ ತೋರಿಸುವ ಕಾಲವೂ ಒಂದಿತ್ತು. ಈಗ ಬೆತ್ತ ಹೋಗಿದೆ. ಆದರೆ ತಪ್ಪಿನ ಅಂಜಿಕೆ ಹೋಗಿಲ್ಲ. ಕಾಲೇಜಿಗೆ ಬರುವ ಹೊತ್ತಿಗೆ ನಾವು ತಪ್ಪೇ ಆಗದಂತಹ ಕೆಲಸವನ್ನು ಮಾತ್ರ ಆರಿಸಿಕೊಳ್ಳುವ ಜಾಣತನವನ್ನು ಕಲಿತುಬಿಟ್ಟಿರುತ್ತೇವೆ. ಅಂದರೆ, ಏನನ್ನೂ ಮಾಡದಿರುವ ಜಾಣತನವನ್ನು.

ಈ ವಿಷಯವಾಗಿ ನನಗೊಂದು ಅಭಿಪ್ರಾಯವಿದೆ. ಅದು ಗ್ರಂಥ ಓದಿ ಬಂದುದಲ್ಲ. ಒಂದು ಕುದುರೆಯ ತಲೆಯಿಂದ ಬಂದುದು. ವಾಚಕರು ನಗಬಾರದು. ನಗುವುದೇ ಆದರೆ ಪೂರ್ತಿ ಓದಿ ನಗಬೇಕೆಂದು ನನ್ನ ವಿನಂತಿ.

ಹೋದ ವರ್ಷದ ಸ್ನೇಹಸಮ್ಮೇಳನಕ್ಕೆ ನಾವು ಕೆಲವರು ಗಿರೀಶ ಕಾರ್ನಾಡರ ‘ಹಯವದನ’ವನ್ನು ಆಡುವುದೆಂದು ಗೊತ್ತುಮಾಡಿದೆವು. 1971ರಲ್ಲಿ ಪ್ರಕಟವಾದ ಈ ನಾಟಕದ ಹೆಸರನ್ನು ಕೇಳದ ಕಲಾ ವಿದ್ಯಾರ್ಥಿ ಇರಲಾರನು. ಕಥಾಸರಿತ್ಸಾಗರದ ಬೇತಾಳ ಕತೆಯೊಂದು ಅದರ ಬೇರು. ಅದೇ ಕತೆಯನ್ನು ಜರ್ಮನಿಯ ಥಾಮಸ್ ಮಾನ್ 1940ರಲ್ಲಿ ಕಾದಂಬರಿಯಾಗಿಸಿದ್ದನು. ಕಾರ್ನಾಡರು ಅದನ್ನೂ ಬಳಸಿಕೊಂಡರು. ಇಬ್ಬರು ಗೆಳೆಯರ ತಲೆಗಳು ಅದಲು ಬದಲಾದಾಗ ಹೆಂಡತಿಗೆ ಗಂಡ ಯಾರು, ತಲೆಯೋ ದೇಹವೋ ಎಂಬುದು ಕತೆಯ ತೊಡಕು. ಇದರ ಹೊರಗೆ ಇನ್ನೊಂದು ಕತೆಯನ್ನು ನಾಟಕಕಾರರು ತಾವೇ ಹೆಣೆದಿದ್ದಾರೆ. ಅದು ಮನುಷ್ಯನ ಮೈ, ಕುದುರೆಯ ತಲೆ ಇರುವ ಹಯವದನನದು. ಅವನಿಗೆ ಪೂರ್ಣನಾಗಬೇಕೆಂಬ ಹಂಬಲ.

ನಾಟಕದ ಮೊದಲಲ್ಲಿ ರಂಗದ ಮೇಲೆ ಗಣಪತಿಯ ಮುಖವಾಡವನ್ನಿಟ್ಟು ಪೂಜಿಸುತ್ತಾರೆ. ನಮ್ಮ ಕಡೆಯ ದೊಡ್ಡಾಟ ನೋಡಿದವರಿಗೆ ಈ ಗಣಪತಿ ಹೊಸಬನಲ್ಲ. ಆನೆಯ ತಲೆಯವನಿಗೆ ಪೂಜೆಯಾದ ಬಳಿಕ ಕುದುರೆಯ ತಲೆಯವನು ಬರುತ್ತಾನೆ. ಭಾಗವತನು ಅದು ಮುಖವಾಡವೆಂದೇ ಬಗೆದು, ತೆಗೆ ಎಂದು ಗದರಿಸಿ, ಕೈಹಾಕಿ ಎಳೆಯುತ್ತಾನೆ. ಎಳೆದರೂ ಬರುವುದಿಲ್ಲ. ಅದು ನಿಜವಾದ ತಲೆಯೆಂದು ಆಮೇಲೆ ತಿಳಿಯುತ್ತದೆ. ನೋಡುಗರು ಇದನ್ನು ನಂಬಬೇಕಾದರೆ ತಲೆ ಗಟ್ಟಿಯಾಗಿ ಕೂತಿರಬೇಕು. ಅದನ್ನು ತೊಟ್ಟವನು ಬಹಳ ಹೊತ್ತು ಮಾತಾಡಬೇಕು, ಮಾತು ಕೊನೆಯ ಬೆಂಚಿನವರೆಗೆ ಕೇಳಬೇಕು. ಪುಸ್ತಕದಲ್ಲಿ ಓದುವಾಗ ಇದಾವುದೂ ನಮ್ಮ ಲಕ್ಷ್ಯಕ್ಕೆ ಬಂದಿರಲಿಲ್ಲ.

‘ಮೊಬೈಲಿನಲ್ಲಿ ಹುಡುಕಿದರೆ ರಬ್ಬರಿನ ಕುದುರೆ ಮುಖ ಸಿಗುತ್ತದೆ, ತರಿಸಿಬಿಡೋಣ’ ಎಂದು ಗೆಳೆಯನೊಬ್ಬನು ಸೂಚಿಸಿದನು. ತರಿಸಬಹುದಾಗಿತ್ತು. ಆದರೆ ಆ ಚಿತ್ರದಲ್ಲಿದ್ದ ಕುದುರೆ ಹಲ್ಲು ಕಿರಿಯುತ್ತಿತ್ತು. ತನ್ನ ಅಪೂರ್ಣತೆಗಾಗಿ ಅಳುವ ಹಯವದನನಿಗೆ ಆ ಹಲ್ಲು ಒಪ್ಪುವಂತಿರಲಿಲ್ಲ. ಅಲ್ಲದೆ ನನ್ನೊಳಗೆ ಸ್ವಲ್ಪ ಬಡಿವಾರವೂ ಇತ್ತು. ‘ನಾನೇ ಮಾಡುತ್ತೇನೆ, ಹದಿನೈದು ದಿವಸ ಸಾಕು’ ಎಂದುಬಿಟ್ಟೆ. ಆಗ ಆಷಾಢ ಮಾಸ ನಡೆದಿತ್ತು. ತಲೆ ಸಿದ್ಧವಾದುದು ದೀಪಾವಳಿಯ ಮೇಲೆ.

ನಮ್ಮ ಮನೆ ಅನಗೋಳದಲ್ಲಿದೆ. ಟಿಳಕವಾಡಿಯ ಮೂರನೆಯ ರೈಲ್ವೆ ಗೇಟು ದಾಟಿ ಬಂದರೆ ನಮ್ಮ ಊರು. ಊರೆಂದು ನಾವು ರೂಢಿಯಿಂದ ಅನ್ನುತ್ತೇವೆ. ಅದು ಬೆಳಗಾವಿ ಶಹರದಲ್ಲಿ ಕೂಡಿಕೊಂಡು ಬಹಳ ಕಾಲವಾಯಿತು. ಒಂದು ಮಗ್ಗುಲಿಗೆ ಉದ್ಯಮಬಾಗದ ಕಾರಖಾನೆಗಳು, ಇನ್ನೊಂದು ಮಗ್ಗುಲಿಗೆ ಭತ್ತದ ಗದ್ದೆಗಳು, ಮುಂದಕ್ಕೆ ವಡಗಾವಿಯ ಮಗ್ಗಗಳು. ನನ್ನ ತಂದೆಯವರು ವಡಗಾವಿಯಲ್ಲಿ ಮಗ್ಗದ ಕೆಲಸಕ್ಕೆ ಹೋಗುತ್ತಾರೆ. ಹೀಗೆ ಕೈಕೆಲಸದ ನಡುವೆಯೇ ಹುಟ್ಟಿ ಬೆಳೆದ ನಾನು ಹತ್ತೊಂಬತ್ತು ವರ್ಷದವರೆಗೆ ಒಂದು ಮೊಳೆಯನ್ನೂ ನೆಟ್ಟಗೆ ಹೊಡೆದವನಲ್ಲ. ಅದು ತಂದೆಯವರದೇ ಕಟ್ಟಪ್ಪಣೆ. ನಾನು ಅಂಗಳದಲ್ಲಿ ಮಣ್ಣು ಕಲಸುತ್ತ ಕೂತುದನ್ನು ನೋಡಿ ಅವರು ಅಂದರು:

“ಕೈ ಹೊಲಸ ಮಾಡ್ಕೊಳ್ಳಾಕ ನಿನ್ನ ಕಾಲೇಜಿಗೆ ಕಳಿಸೇನೇನ? ಅದನ್ನ ಮಾಡಾಕ ನಾ ಇಲ್ಲೇನ?”

ಅವರ ಮಾತಿನಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು. ನಾನು ಉತ್ತರ ಕೊಡಲಿಲ್ಲ. ಕೊಡಲು ಆಗ ನನ್ನಲ್ಲಿ ಉತ್ತರವೂ ಇರಲಿಲ್ಲ.

ಮೊದಲನೆಯ ತಲೆಯನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನಲ್ಲಿ ಮಾಡಿದೆ. ಖಾನಾಪುರದ ಕಡೆಯ ಮಣ್ಣು ಕುಂಬಾರಿಕೆಗೆ ಹೆಸರಾದುದು. ಅಲ್ಲಿಂದ ಒಂದು ಚೀಲ ಮಣ್ಣು ತರಿಸಿ, ಬೋರಲು ಹಾಕಿದ ಕೊಡದ ಮೇಲೆ ಕುದುರೆಯ ಆಕಾರ ಮಾಡಿ, ಪ್ಲಾಸ್ಟರಿನಲ್ಲಿ ಅದ್ದಿದ ಅರಿವೆಯ ಪಟ್ಟಿಗಳನ್ನು ಅದರ ಮೇಲೆ ಸುತ್ತಿದೆ. ಈ ಪುಡಿಗೆ ನೀರು ಬಿದ್ದ ಮೇಲೆ ಅದು ಯಾರ ದಾರಿಯನ್ನೂ ಕಾಯುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ನಾನು ಒಂದು ಕಿವಿಯನ್ನು ತಿದ್ದಿ ತೀಡುವಷ್ಟರಲ್ಲಿ ಬಕೀಟಿನೊಳಗಿನದೆಲ್ಲ ಬಿಸಿಯಾಗಿ, ಕಲ್ಲಾಗಿ ಕೂತಿತು. ಮತ್ತೆ ನೀರು ಸುರಿದು ಕದಡಿದೆ. ಕದಡಿದ ಪ್ಲಾಸ್ಟರಿಗೆ ಹಿಡಿತವಿರುವುದಿಲ್ಲವಾದುದರಿಂದ ಕಿವಿ ಮರುದಿವಸ ಪುಡಿಯಾಗಿ ಉದುರಿತು. ಉಳಿದುದನ್ನು ಬಚ್ಚಲಿಗೆ ಚೆಲ್ಲಿದೆ; ಅದು ಬಚ್ಚಲಿನಲ್ಲಿಯೂ ಕಲ್ಲಾಯಿತು. ಆ ಬಗ್ಗೆ ಅವ್ವ ಆಡಿದ ಮಾತುಗಳನ್ನು ಇಲ್ಲಿ ಅಚ್ಚುಹಾಕಿಸುವುದು ಯೋಗ್ಯವಲ್ಲ.

ಅಂತೂ ತಲೆ ಆಯಿತು. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟು ನೋಡಿದರೆ 5.5 ಕಿಲೋ. ‘ಐದು ಕಿಲೋ ಅಕ್ಕಿಯ ಚೀಲ ಹೊರುವುದಿಲ್ಲವೇ, ಅಷ್ಟೇ ತಾನೆ’ ಎಂದು ನಾನು ಸಮಾಧಾನ ಹೇಳಿಕೊಂಡೆ. ಆದರೆ ಅಕ್ಕಿಯ ಚೀಲ ನೆತ್ತಿಯ ಮೇಲೆ ಕೂಡುತ್ತದೆ, ಕುದುರೆಯ ಮೋರೆ ಮುಂದಕ್ಕೆ ಚಾಚುತ್ತದೆ. ಮೋರೆಯ ತುದಿಯ ಭಾರ ಕುತ್ತಿಗೆಯಿಂದ ದೂರವಿದ್ದಷ್ಟೂ ಎಳೆತ ಹೆಚ್ಚು. ಬಾವಿಯ ಏತದ ಲೆಕ್ಕವೇ ಇದು. ಏಳನೆಯ ಇಯತ್ತೆಯಲ್ಲಿ ಸನ್ನೆಗೋಲಿನ ಪಾಠ ಓದಿ ಪೂರ್ತಿ ಅಂಕ ಪಡೆದವನು ನಾನೇ. ಕುತ್ತಿಗೆಗೆ ಆ ಪಾಠ ತಿಳಿಯಲು ಇಷ್ಟು ವರ್ಷ ಬೇಕಾಯಿತು. ಎರಡು ನಿಮಿಷ ತೊಟ್ಟುಕೊಂಡುದಕ್ಕೆ ಎರಡು ದಿವಸ ಕತ್ತು ಹೊರಳಲಿಲ್ಲ.

ಎರಡನೆಯ ತಲೆ ಕಾಗದದ್ದು. ಹಳೆಯ ವರ್ತಮಾನಪತ್ರಿಕೆಗಳನ್ನು ಹರಿದು ಮೈದಾಹಿಟ್ಟಿನ ಅಂಟಿನಲ್ಲಿ ಅದ್ದಿ ಅದೇ ಮಣ್ಣಿನ ಮಾದರಿಯ ಮೇಲೆ ಒಂದರ ಮೇಲೊಂದು ಹಚ್ಚಿದೆ. ಅವಸರದಲ್ಲಿ ಒಂದೇ ದಿನ ಎಂಟು ಪದರು ಹಚ್ಚಿಬಿಟ್ಟೆ. ಹೊರಗೆ ಬೆಳಗಾವಿಯ ಮಳೆ. ನಮ್ಮ ಮಳೆಯ ಸ್ವಭಾವ ಗೊತ್ತಿದ್ದವರಿಗೆ ಮುಂದಿನ ಕತೆ ಹೇಳಬೇಕಾಗಿಲ್ಲ. ಮೇಲಿನ ಪದರು ಒಣಗಿದಂತೆ ತೋರಿತು, ಒಳಗಿನದು ಹಸಿಯಾಗಿಯೇ ಉಳಿಯಿತು. ವಾರದಲ್ಲಿ ಕುದುರೆಗೆ ಹಸಿರು ಗಡ್ಡ ಬಂತು. ಬೂಜು ಬಿಟ್ಟ ಭಾಗವನ್ನು ಇಲಿಗಳು ಮುಟ್ಟಲಿಲ್ಲ. ಬೂಜು ಬರದ ಭಾಗವನ್ನು ಬಿಡಲಿಲ್ಲ. ಮಣ್ಣಿಗೆ ಎಣ್ಣೆ ಸವರಬೇಕೆಂಬುದನ್ನು ಮರೆತಿದ್ದೆನಾದ್ದರಿಂದ ಉಳಿದ ಅರ್ಧವೂ ಮಾದರಿಯನ್ನು ಬಿಟ್ಟು ಬರಲಿಲ್ಲ.

ಇಲಿಗಳ ಉಪಾಯಕ್ಕಾಗಿ ಪುಸ್ತಕ ಕಟ್ಟುವವರಲ್ಲಿಗೆ ಹೋದೆ. ಅವರು ತಮ್ಮ ಅಂಟಿನಲ್ಲಿ ಮೈಲುತುತ್ತ ಬೆರೆಸುವರೆಂದು ಕೇಳಿದ್ದೆ. ಆ ಹಿರಿಯರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಪುಸ್ತಕಕ್ಕ ಹಾಕ್ತೀವಿ ಖರೆ. ನೀ ಮಾಡೂದು ಮಂದಿ ಬಾಯಿಗೆ ಮೂಗಿಗೆ ಹತ್ತೂದು. ಅದು ವಿಷ ಅದ ತಮ್ಮಾ” ಅಂದರು. ತಪ್ಪು ಮಾಡುವ ಮೊದಲೇ ಕಲಿತ ಪಾಠ ನನಗೆ ಇದೊಂದೇ.

ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರು ಮೈದಾಹಿಟ್ಟು ಬಳಸುವುದಿಲ್ಲ ಎಂಬುದನ್ನು ಈ ಪ್ರಸಂಗದಲ್ಲಿಯೇ ತಿಳಿದುಕೊಂಡೆ. ಹಗುರವಾದ ಕಟ್ಟಿಗೆಯ ಮೇಲೆ ಅವರು ‘ಕಿಟ್ಟ’ವೆಂಬ ಹದವನ್ನು ಮೆತ್ತುತ್ತಾರೆ. ಸೆಣಬಿನ ಚಿಂದಿಯ ಪುಡಿ, ಕಟ್ಟಿಗೆಯ ಹೊಟ್ಟು, ಹುಣಸೆಬೀಜದ ಅಂಟು, ಇಷ್ಟೇ ಅದರ ಸಾಮಗ್ರಿ. ಹುಣಸೆಬೀಜವನ್ನು ಹುರಿದು, ಸಿಪ್ಪೆ ಬಿಡಿಸಿ, ರಾತ್ರಿ ನೆನೆಹಾಕಿ, ಅರೆದು ಕುದಿಸಿದರೆ ಬರುವ ಅಂಟಿನ ಬಿಗಿ ಮೈದಾಕ್ಕೆ ಇಲ್ಲ. ನಮ್ಮ ಮನೆಯ ಅಟ್ಟದಲ್ಲಿ ಹುಣಸೆಬೀಜ ಚೀಲಗಟ್ಟಲೆ ಇತ್ತು. ನಾನು ಮಾತ್ರ ಅಂಗಡಿಯಿಂದ ಮೈದಾ ಕೊಂಡು ಇಲಿಗಳಿಗೆ ಊಟಕ್ಕಿಟ್ಟಿದ್ದೆ.

ಮೂರನೆಯ ತಲೆಗೆ ಗುರು ದೊರೆತರು. ಅವರು ಬುಟ್ಟಿ ಹೆಣೆಯುವ ಒಬ್ಬ ಆಯಿ. ಸಂತೆಯಲ್ಲಿ ಮೊರ ಬುಟ್ಟಿಗಳನ್ನು ಹರಡಿಕೊಂಡು ಕೂತಿದ್ದವರ ಮುಂದೆ ನನ್ನ ಪ್ಲಾಸ್ಟರಿನ ತಲೆಯನ್ನು ಇಟ್ಟೆ. ಅವರು ಬೆರಳಿನಿಂದ ಬಡಿದು ನೋಡಿ ಅಂದರು:

“ತಲಿ ಮ್ಯಾಲ ಹೊರೂದು ಅಂದ್ರ ಬುಟ್ಟಿ. ನೀ ಯಾಕ ಆ ಹುಡುಗಗ ಕಲ್ಲ ಹೊರಸಾಕತ್ತೀ?”

ಈ ಒಂದು ಮಾತಿನಲ್ಲಿ ನನ್ನ ಎರಡು ತಿಂಗಳ ಶ್ರಮದ ವಿಮರ್ಶೆ ಮುಗಿಯಿತು. ಬಿದಿರಿನ ಸೀಳುಗಳನ್ನು ನೀರಿನಲ್ಲಿ ನೆನೆಸಿ ಬಾಗಿಸುವುದು, ಮೋರೆಯ ಕಡೆಗೆ ಸೀಳುಗಳನ್ನು ತೆಳ್ಳಗೆ ಕೆತ್ತುವುದು, ತಲೆಯ ಸುತ್ತಿಗೆ ಸರಿಯಾದ ಬಳೆಯೊಂದನ್ನು ಒಳಗೆ ಕಟ್ಟಿ ಅದರ ಮೇಲೆ ಎಲ್ಲ ಭಾರವನ್ನು ಕೂಡಿಸುವುದು, ಇವನ್ನೆಲ್ಲ ಆಯಿ ಮೂರು ಮಧ್ಯಾಹ್ನಗಳಲ್ಲಿ ಕಲಿಸಿದರು. ದುಡ್ಡು ಕೊಡಹೋದರೆ ಬಿದಿರಿನ ಬೆಲೆಯನ್ನು ಮಾತ್ರ ತೆಗೆದುಕೊಂಡರು. ಬುಟ್ಟಿಯ ಮೇಲೆ ಹಳೆಯ ಹತ್ತಿಯ ಸೀರೆಯ ತುಂಡುಗಳನ್ನೂ ಕಾಗದವನ್ನೂ ಹುಣಸೆಬೀಜದ ಅಂಟಿನಿಂದ ಹಚ್ಚಿದೆ. ದಿನಕ್ಕೆ ಒಂದೇ ಪದರು, ಒಲೆಯ ಮೇಲ್ಗಡೆ ತೂಗುಹಾಕಿ ಒಣಗಿಸಿ. ಮುಗಿದ ಮೇಲೆ ತೂಕ 900 ಗ್ರಾಮು.

ಆದರೆ ಅದು ಕುದುರೆಯಾಗಿರಲಿಲ್ಲ. ಓಣಿಯ ಮಕ್ಕಳು “ಕತ್ತಿ ಬಂತು, ಕತ್ತಿ ಬಂತು” ಎಂದು ಕೂಗಿದರು. ಮಕ್ಕಳ ವಿಮರ್ಶೆಯಲ್ಲಿ ಪಕ್ಷಪಾತವಿರುವುದಿಲ್ಲ. ಲಗ್ನದ ಮೆರವಣಿಗೆಗೆ ಕುದುರೆ ಕೊಡುವವರಲ್ಲಿ ಹೋಗಿ ಒಂದು ಮುಂಜಾವು ಪೂರ್ತಿ ಕುದುರೆಯ ಎದುರು ನಿಂತೆ. ಆಗ ತಿಳಿಯಿತು: ನಾನು ಅದುವರೆಗೆ ಕುದುರೆಯನ್ನು ನೋಡಿಯೇ ಇರಲಿಲ್ಲ, ಕ್ಯಾಲೆಂಡರನ್ನು ನೋಡಿದ್ದೆ. ಕಿವಿ ನಾನು ತಿಳಿದುದಕ್ಕಿಂತ ಬಹಳ ಚಿಕ್ಕದು. ಕಣ್ಣು ಮುಖದ ನಡುವೆ ಇಲ್ಲ. ಕಿವಿಯ ಬುಡದಿಂದ ಮೂಗಿನ ತುದಿಗೆ ಅಳೆದರೆ ಮೇಲಿನ ಮೂರನೆಯ ಒಂದು ಪಾಲಿನ ಹತ್ತಿರ, ಅದೂ ಪಕ್ಕಕ್ಕೆ ಇದೆ. ಕಿವಿಯನ್ನು ಕತ್ತರಿಸಿ, ಕಣ್ಣನ್ನು ಮೇಲಕ್ಕೆ ಸರಿಸಿದೊಡನೆ ಕತ್ತೆ ಕುದುರೆಯಾಯಿತು. ಎರಡು ಅಂಗುಲದ ಅಂತರ, ಅಷ್ಟೇ.

ಇಲ್ಲಿಯವರೆಗೆ ಹೇಳಿದುದೆಲ್ಲ ನಗೆಯ ಮಾತು. ಇನ್ನು ಹೇಳುವುದು ಅಲ್ಲ.

ಕುದುರೆಯ ಮುಖ ಅಂದವಾಗಿ ಕಾಣಬೇಕೆಂದು ನಾನು ಬಾಯಿಯನ್ನು ಪೂರ್ತಿ ಮುಚ್ಚಿ ಬಣ್ಣ ಹಚ್ಚಿದ್ದೆ. ನೋಡಲು ಕಣ್ಣಿನಲ್ಲಿ ಎರಡು ತೂತು, ಉಸಿರಿಗೆ ಮೂಗಿನಲ್ಲಿ ಎರಡು ತೂತು ಇಟ್ಟಿದ್ದೆ. ಕುದುರೆಯ ಕಣ್ಣು ಪಕ್ಕಕ್ಕಿರುವುದೆಂದು ಹೇಳಿದೆನಷ್ಟೆ. ಅದರೊಳಗಿಂದ ಮನುಷ್ಯನಿಗೆ ಮುಂದಿನದೇನೂ ಕಾಣುವುದಿಲ್ಲ. ಮೂಗಿನ ತೂತು ಮನುಷ್ಯನ ಮೂಗಿನಿಂದ ಒಂದು ಗೇಣು ದೂರ ಉಳಿಯಿತು. ಎಳೆದರೆ ಕಳಚಬಾರದೆಂದು ಗದ್ದದ ಕೆಳಗೆ ಪಟ್ಟಿ ಹಾಕಿ ಹಿಂದೆ ಗಂಟು ಬಿಗಿದಿದ್ದೆ. ತಾಲೀಮಿನ ದಿನ ಹಯವದನನ ಪಾತ್ರಧಾರಿಯಾದ ನನ್ನ ಗೆಳೆಯ ಅದನ್ನು ತೊಟ್ಟು ತನ್ನ ದೀರ್ಘವಾದ ಮಾತನ್ನು ಆರಂಭಿಸಿದನು. ಸ್ವಲ್ಪ ಹೊತ್ತಿನಲ್ಲಿ ಮಾತು ತೊದಲಿತು. ಅಭಿನಯವೆಂದು ತಿಳಿದು ನಾವು ಚಪ್ಪಾಳೆ ತಟ್ಟಿದೆವು. ಅವನು ಕೈಯಾಡಿಸಿದನು, ಮತ್ತೂ ತಟ್ಟಿದೆವು. ಅವನು ಮೊಣಕಾಲೂರಿ ಬಿದ್ದ ಮೇಲೆ ಓಡಿದೆವು. ಗಂಟು ಬಿಚ್ಚಲು ಬರಲಿಲ್ಲ. ಕತ್ತರಿ ಯಾರ ಬಳಿಯೂ ಇರಲಿಲ್ಲ. ಒಬ್ಬನು ಹಲ್ಲಿನಿಂದ ದಾರ ಕಡಿದನು. ತಲೆ ತೆಗೆದಾಗ ಗೆಳೆಯನ ಮುಖ ಬಿಳಿಚಿಕೊಂಡು ಬೆವರಿನಲ್ಲಿ ತೊಯ್ದಿತ್ತು.

“ಏನೂ ಆಗಿಲ್ಲ ಬಿಡೋ” ಎಂದು ನೀರು ಕುಡಿದು ಅವನೇ ನನಗೆ ಸಮಾಧಾನ ಹೇಳಿದನು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪ್ಲಾಸ್ಟರು ಕಲ್ಲಾದಾಗ ಹಾಳಾದುದು ನನ್ನ ದುಡ್ಡು. ಕಾಗದಕ್ಕೆ ಬೂಜು ಬಂದಾಗ ಹಾಳಾದುದು ನನ್ನ ಶ್ರಮ. ಆದರೆ ಈ ಸಲದ ತಪ್ಪು ನನ್ನದು, ದಂಡ ತೆತ್ತವನು ಅವನು. ಈ ತಲೆಯನ್ನು ನಾನು ಒಂದು ನಿಮಿಷವಾದರೂ ತೊಟ್ಟು ಮಾತಾಡಿ ನೋಡಿದ್ದರೆ ಇದು ಆಗುತ್ತಿರಲಿಲ್ಲ. ಬಣ್ಣ ಹಾಳಾದೀತೆಂದು ನಾನು ತೊಟ್ಟಿರಲಿಲ್ಲ.

ಇಲ್ಲಿಂದಲೇ ನನ್ನ ಅಭಿಪ್ರಾಯ ಹುಟ್ಟಿದುದು. ‘ತಪ್ಪಿನಿಂದ ಕಲಿಯಬೇಕು’ ಎಂಬ ಮಾತು ಅರ್ಧ ಮಾತು. ಯಾರ ತಪ್ಪಿಗೆ ಯಾರು ಬೆಲೆ ಕೊಟ್ಟರು ಎಂಬುದನ್ನು ಅದು ಹೇಳುವುದಿಲ್ಲ. ತಪ್ಪು ಮಾಡುವ ಸ್ವಾತಂತ್ರ್ಯ ಎಲ್ಲರಿಗೂ ಇರಲಿ. ಆದರೆ ತಲೆ ಮಾಡಿದವನೇ ಮೊದಲು ಅದನ್ನು ತೊಟ್ಟುಕೊಳ್ಳಬೇಕು. ಇದು ಕುದುರೆಯ ತಲೆಗೆ ಮಾತ್ರ ಸಲ್ಲುವ ನಿಯಮವಲ್ಲ. ರಸ್ತೆ ಮಾಡಿಸಿದವರು ಮಳೆಗಾಲದಲ್ಲಿ ಒಮ್ಮೆ ಅದರ ಮೇಲೆ ಸೈಕಲ್ಲು ಹೊಡೆಯಲಿ. ಪ್ರಶ್ನಪತ್ರಿಕೆ ತೆಗೆದವರು ಮೂರು ತಾಸಿನಲ್ಲಿ ತಾವೇ ಅದಕ್ಕೆ ಉತ್ತರ ಬರೆದು ನೋಡಲಿ. ನಾವು ವಿದ್ಯಾರ್ಥಿಗಳೂ ಇದಕ್ಕೆ ಹೊರತಲ್ಲ. ಭಾಷಣ ಸ್ಪರ್ಧೆಯಲ್ಲಿ ರೈತರಿಗೆ ಬುದ್ಧಿ ಹೇಳುವ ಮೊದಲು ಒಂದು ದಿನ ನಾಟಿಗೆ ಇಳಿಯೋಣ.

ನಮ್ಮ ಹಳೆಯ ಕಲಾವಂತರಿಗೆ ಈ ನಿಯಮ ತಿಳಿದಿತ್ತು. ಯಕ್ಷಗಾನದ ವೇಷಧಾರಿ ಸಂಪ್ರದಾಯದಂತೆ ತನ್ನ ಮುಖದ ಬಣ್ಣವನ್ನು ತಾನೇ ಬರೆದುಕೊಳ್ಳುತ್ತಾನೆ. ಬಡಗುತಿಟ್ಟಿನ ಕೇದಗೆ ಮುಂದಲೆಯನ್ನು ಅರಿವೆಯ ಪಟ್ಟಿ ಸುತ್ತಿ ತಲೆಯ ಮೇಲೆಯೇ ಕಟ್ಟಿಕೊಳ್ಳುತ್ತಾರೆ. ಕಟ್ಟು ಬಿಗಿಯಾದರೆ ರಾತ್ರಿಯೆಲ್ಲ ತಲೆ ಸಿಡಿಯುವುದು ಕಟ್ಟಿಕೊಂಡವನದೇ. ಉಡುಪಿ ಮಂಗಳೂರುಗಳಲ್ಲಿ ಅಷ್ಟಮಿ ದಸರೆಗಳಿಗೆ ಹುಲಿವೇಷ ಹಾಕಿ ತಾಸೆಯ ಬಡಿತಕ್ಕೆ ಬಿಸಿಲಿನಲ್ಲಿ ಕುಣಿಯುವವರ ಹುಲಿತಲೆ ಮುಖವನ್ನು ಮುಚ್ಚುವುದಿಲ್ಲ, ನೆತ್ತಿಯ ಮೇಲೆ ಕೂಡುತ್ತದೆ, ಮುಖಕ್ಕೆ ಬಣ್ಣವಷ್ಟೆ. ಉಸಿರಾಡುವ ಮನುಷ್ಯ ಒಳಗಿದ್ದಾನೆಂಬುದನ್ನು ಅವರು ಮರೆತಿಲ್ಲ. ನಾನು ಮರೆತಿದ್ದೆ.

ಇನ್ನೊಂದು ಸಂಗತಿಯನ್ನು ನಾಚಿಕೆಯಿಂದ ಹೇಳುತ್ತೇನೆ. ಶೇಕ್ಸ್‌ಪಿಯರನ ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ ನಾಟಕವನ್ನು ನಾನು ಓದಿದ್ದೆ. ಅದರಲ್ಲಿ ನೇಕಾರ, ಬಡಿಗ, ತೇಪೆಗಾರ ಮುಂತಾದ ಕೈಕಸುಬಿನವರು ಕೂಡಿ ನಾಟಕ ಆಡಹೊರಡುತ್ತಾರೆ. ನೇಕಾರನಾದ ಬಾಟಮ್ಮನಿಗೆ ಕತ್ತೆಯ ತಲೆ ಬರುವುದು ಎಲ್ಲರಿಗೂ ನೆನಪಿರುತ್ತದೆ. ಆದರೆ ಅದೇ ನೇಕಾರ, ಸಿಂಹದ ವೇಷ ಹಾಕುವವನ ಅರ್ಧ ಮುಖ ಸಿಂಹದ ಕುತ್ತಿಗೆಯೊಳಗಿಂದ ಕಾಣುತ್ತಿರಬೇಕೆಂದು ಸಲಹೆ ಕೊಡುತ್ತಾನೆ. ಹೆಂಗಸರು ಅಂಜಬಾರದೆಂಬುದು ಅವನ ಕಾರಣ. ಪರೀಕ್ಷೆಯಲ್ಲಿ ನಾನು ಇದನ್ನು ‘ಹಾಸ್ಯಪ್ರಸಂಗ’ವೆಂದು ಬರೆದು ಅಂಕ ಪಡೆದಿದ್ದೆ. ಗೆಳೆಯ ಬಿದ್ದ ಮರುದಿನ ಆ ಸಾಲು ನೆನಪಿಗೆ ಬಂತು. ನಗೆಯ ಮಾತಿನೊಳಗೆ ವೇಷ ಕಟ್ಟುವವನ ವಿವೇಕವಿತ್ತು: ಕಣ್ಣು ಪ್ರಾಣಿಯ ಕಣ್ಣಿನಲ್ಲಿ ಇರಬೇಕಾಗಿಲ್ಲ, ಕುತ್ತಿಗೆಯಲ್ಲಿ ಇರಲಿ.

ಹಾಗೆಯೇ ಮಾಡಿದೆ. ಬುಟ್ಟಿಯ ಬಳೆಯನ್ನು ಬಿಚ್ಚಿ ಮೇಲಕ್ಕೆ ಕಟ್ಟಿ ಕುದುರೆಯ ತಲೆಯನ್ನು ನೆತ್ತಿಯ ಮೇಲಕ್ಕೆ ಏರಿಸಿದೆ. ಕುತ್ತಿಗೆಯ ಮುಂಭಾಗವನ್ನು ಅಗಲವಾಗಿ ಕತ್ತರಿಸಿ ತೆಳ್ಳನೆಯ ಕರಿಯ ಜಾಳಿಗೆ ಅರಿವೆ ಹೊಲಿದೆ. ಹೊರಗಿನವರಿಗೆ ಅದು ನೆರಳಿನಂತೆ ಕಾಣುತ್ತದೆ; ಒಳಗಿನವನಿಗೆ ಇಡೀ ರಂಗ ಕಾಣುತ್ತದೆ, ಗಾಳಿ ಬರುತ್ತದೆ, ಮಾತು ಹೊರಗೆ ಹೋಗುತ್ತದೆ. ಗದ್ದದ ಪಟ್ಟಿಗೆ ಗಂಟಿನ ಬದಲು, ಎಳೆದೊಡನೆ ಬಿಚ್ಚುವ ಜಾರುಗುಣಿಕೆ ಹಾಕಿ ತುದಿಯನ್ನು ಪಾತ್ರಧಾರಿಯ ಕೈಗೆ ಸಿಗುವಂತೆ ಇಳಿಬಿಟ್ಟೆ. ಭಾಗವತ ಎಳೆದರೆ ಬರಬಾರದು, ಹಯವದನ ಎಳೆದರೆ ಬರಬೇಕು. ಆಮೇಲೆ ನಾನು ಅದನ್ನು ತೊಟ್ಟು ಅಂಗಳದಲ್ಲಿ ಅರ್ಧ ತಾಸು ಓಡಾಡಿ, ಹಯವದನನ ಮಾತನ್ನೆಲ್ಲ ಗಟ್ಟಿಯಾಗಿ ಹೇಳಿದೆ. ಅವ್ವ ಬಾಗಿಲಲ್ಲಿ ನಿಂತು ಹಣೆ ಬಡಿದುಕೊಂಡಳು. ಅರ್ಧ ತಾಸಿನ ಬಳಿಕವೂ ನನಗೆ ಉಸಿರಿತ್ತು. ಅದಾದ ಮೇಲೆಯೇ ಗೆಳೆಯನ ಕೈಗೆ ಕೊಟ್ಟೆ.

ಇನ್ನು ಆಕ್ಷೇಪಗಳನ್ನು ನೋಡೋಣ. ‘ಎಲ್ಲರೂ ಎಲ್ಲವನ್ನೂ ಮಾಡಬೇಕೆಂದರೆ ಹೇಗೆ? ಬುಟ್ಟಿ ಹೆಣೆಯುವವರು ಹೆಣೆಯಲಿ, ಓದುವವರು ಓದಲಿ’ ಎಂದು ಕೆಲವರು ಹೇಳಬಹುದು. ಈ ಮಾತಿನಲ್ಲಿ ಸತ್ಯಾಂಶವಿದೆ. ಮೂರು ಮಧ್ಯಾಹ್ನ ಬಿದಿರು ಸೀಳಿದುದರಿಂದ ನಾನು ಬುಟ್ಟಿಗಾರನಾಗಲಿಲ್ಲ; ಆಯಿಯ ಹತ್ತನೆಯ ಒಂದು ಪಾಲು ಕೌಶಲವೂ ನನಗೆ ಬರಲಿಲ್ಲ. ಆದರೆ ಒಂದು ಲಾಭವಾಯಿತು. ಸಂತೆಯಲ್ಲಿ ಬುಟ್ಟಿಯ ಬೆಲೆಗೆ ಚೌಕಾಸಿ ಮಾಡುವ ನನ್ನ ಬಾಯಿ ಅಂದಿನಿಂದ ಮುಚ್ಚಿತು. ಮಾಡಿ ಸೋತವನಿಗೆ ಮಾತ್ರ ಮಾಡಬಲ್ಲವರ ಬೆಲೆ ತಿಳಿಯುತ್ತದೆ. ಓದುವವರೂ ಮಾಡುವವರೂ ಬೇರೆ ಬೇರೆ ಇರುವ ಸಮಾಜದಲ್ಲಿ ಈ ಗೌರವ ಹುಟ್ಟುವುದು ಕಷ್ಟ.

ಇನ್ನೊಂದು ಆಕ್ಷೇಪ, ಸಮಯದ್ದು: ‘ಪರೀಕ್ಷೆಯಿರುವಾಗ ಇದೆಲ್ಲ ಏತಕ್ಕೆ?’ ಎಂಬುದು. ನಾನು ಲೆಕ್ಕ ಹಾಕಿದ್ದೇನೆ. ಅಷ್ಟು ತಿಂಗಳಲ್ಲಿ ತಲೆಗಾಗಿ ಹೋದ ಹೊತ್ತು ಮೊಬೈಲಿಗಾಗಿ ಹೋದ ಹೊತ್ತಿನ ಕಾಲುಭಾಗವೂ ಆಗಲಿಲ್ಲ. ಮತ್ತು ಸನ್ನೆಗೋಲು, ಶೇಕ್ಸ್‌ಪಿಯರ್, ಕಾರ್ನಾಡ, ಈ ಮೂರೂ ಪಾಠಗಳು ನನಗೆ ಮೊದಲ ಸಲ ತಿಳಿದುದು ಆ ಅವಧಿಯಲ್ಲಿಯೇ.

ಈ ವಿಚಾರ ನಮ್ಮ ಊರಿಗೆ ಹೊಸದಲ್ಲ. 1924ರ ಡಿಸೆಂಬರಿನಲ್ಲಿ ಮಹಾತ್ಮಾ ಗಾಂಧೀಜಿಯವರು ಅಧ್ಯಕ್ಷರಾಗಿದ್ದ ಏಕೈಕ ಕಾಂಗ್ರೆಸ್ ಅಧಿವೇಶನ ನಡೆದುದು ಇದೇ ಬೆಳಗಾವಿಯ ಟಿಳಕವಾಡಿಯಲ್ಲಿ, ಅನಗೋಳದಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ. ಅಲ್ಲಿ ತೋಡಿಸಿದ ಬಾವಿ ‘ಕಾಂಗ್ರೆಸ್ ಬಾವಿ’ಯೆಂದು ಇಂದಿಗೂ ಇದೆ. ಅದೇ ಗಾಂಧೀಜಿ 1937ರಲ್ಲಿ ವರ್ಧೆಯಲ್ಲಿ, ಶಿಕ್ಷಣ ಒಂದು ಕೈಕಸುಬಿನ ಮೂಲಕ ನಡೆಯಬೇಕೆಂಬ ವಿಚಾರವನ್ನು ದೇಶದ ಮುಂದಿಟ್ಟರು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ವೃತ್ತಿಶಿಕ್ಷಣವನ್ನು ಓದಿನ ಜೊತೆಗೆ ಕೂಡಿಸಬೇಕೆಂದು ಹೇಳಿತು. ಕಾಗದದ ಮೇಲೆ ನಾವು ಎಂದೂ ಹಿಂದೆ ಬಿದ್ದವರಲ್ಲ. ಆದರೆ ಕಲಾ ಕಾಲೇಜಿನ ವಿದ್ಯಾರ್ಥಿ ಮೂರು ವರ್ಷದಲ್ಲಿ ಕೈಯಿಂದ ಮಾಡುವ ಕೆಲಸ ಒಂದೇ: ಬರೆಯುವುದು. ಅದನ್ನೂ ಬಹುಮಟ್ಟಿಗೆ ಇನ್ನೊಬ್ಬರ ಟಿಪ್ಪಣಿಯಿಂದ.

ನನ್ನ ಸೂಚನೆ ದೊಡ್ಡದೇನೂ ಅಲ್ಲ. ಕಾಲೇಜಿನಲ್ಲಿ ಒಂದು ಸಣ್ಣ ಕೋಣೆ ಇರಲಿ. ಅದರಲ್ಲಿ ಸುತ್ತಿಗೆ, ಗರಗಸ, ಸೂಜಿ ದಾರ, ಒಂದು ಒಲೆ, ಮತ್ತು ಕೈಗೆ ಸಿಗುವಲ್ಲಿ ಒಂದು ಕತ್ತರಿ ಇರಲಿ. ಬುಟ್ಟಿಯ ಆಯಿಯಂತಹವರನ್ನು ವರ್ಷಕ್ಕೆ ನಾಲ್ಕು ದಿನ ಕರೆಸಿ, ಅತಿಥಿ ಉಪನ್ಯಾಸಕರಿಗೆ ಕೊಡುವಂತೆಯೇ ಗೌರವಧನವನ್ನೂ ಶಾಲನ್ನೂ ಕೊಡಲಿ. ಅಲ್ಲಿ ಕೆಟ್ಟುಹೋದ ವಸ್ತುಗಳನ್ನು ಎಸೆಯದೆ, ಏಕೆ ಕೆಟ್ಟಿತೆಂದು ಒಂದು ಚೀಟಿ ಬರೆದು ಕಪಾಟಿನಲ್ಲಿ ಇಡಲಿ. ಗೆದ್ದ ಢಾಲುಗಳಿಗೆ ಗಾಜಿನ ಕಪಾಟು ಇದೆಯಲ್ಲ, ಸೋತ ತಲೆಗಳಿಗೂ ಒಂದಿರಲಿ. ಮುಂದೆ ಬರುವವರಿಗೆ ಢಾಲಿಗಿಂತ ಅವು ಹೆಚ್ಚು ಪ್ರಯೋಜನಕ್ಕೆ ಬರುತ್ತವೆ.

ನಾಟಕ ಹೇಗಾಯಿತೆಂದು ಕೇಳುವವರಿಗೆ: ಪರವಾಗಿಲ್ಲ ಎನ್ನುವಂತೆ ಆಯಿತು. ಭಾಗವತನು ಬಲವಾಗಿ ಎಳೆದನು, ತಲೆ ಬರಲಿಲ್ಲ, ಒಂದು ಕಿವಿ ಮಾತ್ರ ಅವನ ಕೈಯಲ್ಲಿ ಉಳಿಯಿತು. ಸಭೆ ನಕ್ಕಿತು. ಗೆಳೆಯ ಒಂಟಿ ಕಿವಿಯಲ್ಲಿಯೇ ಮಾತು ಮುಂದುವರಿಸಿದನು. ಕೊನೆಯ ಬೆಂಚಿಗೂ ಕೇಳಿಸಿತಂತೆ. ಕಿವಿಯನ್ನು ಬುಟ್ಟಿಯ ಸೀಳಿಗೆ ಕಟ್ಟದೆ ಬರಿಯ ಅಂಟಿನಿಂದ ಹಚ್ಚಿದುದು ನನ್ನ ಕಡೆಯ ತಪ್ಪು. ಚೀಟಿಯಲ್ಲಿ ಅದನ್ನೂ ಬರೆದಿಟ್ಟಿದ್ದೇನೆ.

ನಾಟಕದಲ್ಲಿ ಋಷಿಯೊಬ್ಬನು ತಲೆಯೇ ಉತ್ತಮಾಂಗವೆಂದು ತೀರ್ಪು ಕೊಡುತ್ತಾನೆ. ಬೇತಾಳನ ಕತೆಯಲ್ಲಿ ರಾಜನ ಉತ್ತರವೂ ಅದೇ. ಆದರೆ ತೀರ್ಪಿನಿಂದ ಆ ಮೂವರ ಬಾಳು ನೇರವಾಗಲಿಲ್ಲ. ಬೇರೆಯವನ ಮೈ ತನ್ನ ನೆನಪನ್ನು ಬಿಡಲಿಲ್ಲ. ಕೈಗೂ ಒಂದು ನೆನಪಿದೆ. ಅದಕ್ಕೆ ಏನನ್ನೂ ಕಲಿಸದೆ ತಲೆಯನ್ನು ಮಾತ್ರ ತುಂಬಿಸಿಕೊಂಡು ಹೋಗುವ ನಾವು ಹಯವದನನಿಗಿಂತ ಹೆಚ್ಚು ಪೂರ್ಣರೆಂದು ನನಗೆ ಅನಿಸುವುದಿಲ್ಲ.

ಕುದುರೆಗೆ ಕೇಸರ ಹಚ್ಚುವುದೊಂದು ಉಳಿದಿತ್ತೆಂದು ಹೇಳಲು ಮರೆತೆ. ನಾಟಕದ ಹಿಂದಿನ ರಾತ್ರಿ ನಾನು ಸುಸ್ತಾಗಿ ಮಲಗಿಬಿಟ್ಟಿದ್ದೆ. ಮುಂಜಾನೆ ಎದ್ದು ನೋಡಿದರೆ ಕುದುರೆಯ ಕುತ್ತಿಗೆಯ ಉದ್ದಕ್ಕೂ ಕಪ್ಪು ಕಂದು ನೂಲಿನ ಕೇಸರ, ಎಳೆ ಎಳೆಯಾಗಿ ಹೊಲಿದದ್ದು, ಒಂದೂ ಸಡಿಲವಿಲ್ಲ. ಮಗ್ಗದಲ್ಲಿ ಉಳಿದ ನೂಲು ಅದು. ತಂದೆಯವರು ಚಹಾ ಕುಡಿಯುತ್ತ ಕೂತಿದ್ದರು. ನನ್ನ ಕಡೆ ನೋಡದೆ ಅಂದರು:

“ನಿನ್ನ ಗಂಟು ಭಾಳ ಸಡ್ಲ ಇರ್ತಾವು. ಆಯ್ತವಾರ ಬಾ, ತೋರಿಸ್ತೀನಿ.”

ಈಗ ಆದಿತ್ಯವಾರಗಳಲ್ಲಿ ಹೋಗುತ್ತಿದ್ದೇನೆ.